ಮಿನುಗದ ಕೆರೆ

"ನಾನು ಕುರುಡ ಆಗ್ತಿದೀನಾ ಇಲ್ವಾ, ಅಷ್ಟು ಹೇಳಿಬಿಡಿ ಮೇಡಂ."

ಹೀಗೆ ಕೇಳಿದವರು ಬಾಗಿಲಲ್ಲಿ ಶೂ ಲೇಸಿನ ಕಗ್ಗಂಟನ್ನು ಒಂದೇ ನೋಟದಲ್ಲಿ ಬಿಡಿಸಿ ಒಳಗೆ ಬಂದಿದ್ದರು. ಕುರುಡರ ಲಕ್ಷಣ ನನಗಂತೂ ಕಾಣಲಿಲ್ಲ. ನೆಟ್ಟಗಿನ ಬೆನ್ನು, ಕತ್ತರಿಸಿಟ್ಟಂಥ ಬಿಳಿ ಮೀಸೆ. ಪಕ್ಕದಲ್ಲಿ ಅವರ ಹೆಂಡತಿ ಕೈಚೀಲವನ್ನು ಮಗುವಿನಂತೆ ಅವಚಿಕೊಂಡು ಕುಳಿತಿದ್ದರು.

"ಅದಕ್ಕೆ ಕಣ್ಣಿನ ಡಾಕ್ಟರ್ ಇದಾರಲ್ಲ," ಎಂದರು ಅತ್ತಿಗೆ, ಕಿತ್ತಳೆ ಸುಲಿಯುತ್ತ.

"ಅವರು ಕಣ್ಣು ಸರಿ ಇದೆ ಅಂತಾರೆ. ಅದೇ ತೊಂದರೆ."

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಪೊಲೀಸ್ ತನಿಖಾ ವಿಭಾಗದಲ್ಲಿ ಹೆಸರು ಮಾಡಿದವರು. ವಯಸ್ಸಾಯಿತೆಂದು ಇಲಾಖೆ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ ಮೇಲೆ ನಮ್ಮ ಮಹಡಿಯ ಕೋಣೆಯೇ ಅವರ ಕಚೇರಿಯಾಗಿತ್ತು. ಬಾಗಿಲು ತೆರೆಯುವುದು, ಕಾರು ಓಡಿಸುವುದು, ತಪ್ಪು ಊಹೆ ಮಾಡುವುದು, ಇವು ಮೈದುನನಾದ ನನ್ನ ಪಾಲಿನ ಕೆಲಸ. ಮೂರನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅತ್ತಿಗೆಯೇ ಸರ್ಟಿಫಿಕೇಟ್ ಕೊಟ್ಟಿದ್ದರು.

ಬಂದವರು ವಿಮಾನದ ಕ್ಯಾಪ್ಟನ್. ಹದಿನೈದು ದಿನದ ಹಿಂದೆ ಸಂಜೆ ವಿಮಾನ ಇಳಿಸುತ್ತಿದ್ದರು. ಮೋಡ ದಾಟಿ ಕೆಳಗೆ ಬಂದಾಗ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ತಂಪು ಕನ್ನಡಕ ಒರೆಸಿ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮುಂದಿನ ಪರದೆ ಮಂಕಾಯಿತು. ಸರಿಯಾಗಿ ನೋಡೋಣವೆಂದು ಕತ್ತು ವಾಲಿಸಿದರೆ ಪೂರ್ತಿ ಕಪ್ಪು.

"ಪರದೆ ಕೆಟ್ಟಿತ್ತೇನೋ," ಎಂದೆ ನಾನು.

"ನನ್ನ ಸಹಪೈಲಟ್‌ಗೆ ಅದೇ ಪರದೆ ಚೆನ್ನಾಗೇ ಕಾಣಿಸ್ತಿತ್ತಲ್ಲ! ವಿಮಾನ ಅವಳ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂತುಬಿಟ್ಟೆ. ಹೂವಿನ ಹಾಗೆ ಇಳಿಸಿದಳು. ನಿಂತ ಮೇಲೆ ಕನ್ನಡಕ ತೆಗೆದಿಟ್ಟು ನೋಡ್ತೀನಿ, ಎಲ್ಲಾ ಮಾಮೂಲು. ನಾನೇ ಹೋಗಿ ಕಚೇರಿಗೆ ವರದಿ ಮಾಡಿದೆ."

"ಮುಚ್ಚಿಡಬಹುದಿತ್ತು."

"ಹಿಂದೆ ನೂರಾರು ಜನ ಕೂತಿರ್ತಾರೆ ಮೇಡಂ."

ಅತ್ತಿಗೆಯ ಕೈಯಲ್ಲಿ ಕಿತ್ತಳೆ ಸಿಪ್ಪೆ ನಿಂತಿತು. ಈ ಮಾತು ಅವರಿಗೆ ಹಿಡಿಸಿತೆಂದು ನನಗೆ ಗೊತ್ತಾಯಿತು.

"ಕಿಟಕಿಯಾಚೆ ಏನು ಕಾಣಿಸ್ತು?"

"ರನ್‌ವೇ ಕಾಣಿಸ್ತು. ಆದರೆ ಅದಕ್ಕೆ ಮೊದಲು ಒಂದು ದೊಡ್ಡ ಕೆರೆ ಬರುತ್ತೆ. ಸಂಜೆ ಹೊತ್ತು ಕಣ್ಣು ಕುಕ್ಕೋ ಹಾಗೆ ಮಿನುಗುತ್ತೆ. ಅವತ್ತು ಕೆರೆ ಮಿನುಗಲೇ ಇಲ್ಲ. ಬೆಳಕು ಗ್ರಹಿಸೋ ಶಕ್ತಿನೇ ಹೋಯ್ತು ಅಂದ್ಕೊಂಡೆ. ನಮ್ಮಪ್ಪನಿಗೂ ಹೆಚ್ಚು ಕಡಿಮೆ ಇದೇ ವಯಸ್ಸಲ್ಲಿ ಕಣ್ಣು ಹೋಯ್ತು."

ಅರವತ್ತು ದಾಟಿದ ಪೈಲಟ್‌ಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ; ಅರವತ್ತೈದಕ್ಕೆ ಕೆಲಸವೇ ಮುಕ್ತಾಯ. ಇವರಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಕಣ್ಣಿನ ಪರೀಕ್ಷೆಗಳೆಲ್ಲ ಸರಿಯಾಗಿ ಬಂದಿದ್ದವು. ಆದರೆ ಕಾರಣ ತಿಳಿಯದ ಕತ್ತಲೆಗೆ ವೈದ್ಯಕೀಯ ಮಂಡಳಿ ಸರ್ಟಿಫಿಕೇಟ್ ಕೊಡುವುದಿಲ್ಲ. ನಾಡಿದ್ದು ಮಂಡಳಿಯ ಸಭೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಅವರು ಮತ್ತೆ ಹಾರುವಂತಿರಲಿಲ್ಲ.

"ಹಾಗಾದರೆ ಆಗಲಿ ಅಂತ ನಾನು ಹೇಳ್ತಿದೀನಿ," ಎಂದು ಹೆಂಡತಿ ಒಮ್ಮೆಲೇ ಅಂದರು. "ನಲವತ್ತು ವರ್ಷ ಆಕಾಶ ನೋಡ್ಕೊಂಡು ಅಡುಗೆ ಮಾಡಿದೀನಿ. ಇವರು ಮನೇಲಿದ್ರೆ ನನಗೇನು ಬೇಜಾರಿಲ್ಲ."

ನಾನು ಅತ್ತಿಗೆಯ ಕಡೆ ಅರ್ಥಗರ್ಭಿತವಾಗಿ ನೋಡಿದೆ. ಅವರು ನನ್ನನ್ನು ನೋಡಲೇ ಇಲ್ಲ.

"ಆ ತಂಪು ಕನ್ನಡಕ ತಂದಿದೀರಾ?"

"ಡಾಕ್ಟರೂ ನೋಡಿದರು. ಪವರ್ ಸರಿಯಾಗಿದೆ ಅಂದರು." ಕ್ಯಾಪ್ಟನ್ ಕಪ್ಪು ಡಬ್ಬಿಯಿಂದ ಕನ್ನಡಕ ತೆಗೆದರು. ಅತ್ತಿಗೆ ಅದನ್ನು ನನ್ನ ಲ್ಯಾಪ್‌ಟಾಪ್ ಪರದೆಯೆದುರು ಹಿಡಿದು ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ತಿರುಗಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿ ಹಿಂದಕ್ಕೆ ಕೊಟ್ಟರು. ಧೂಳು ನೋಡುತ್ತಿದ್ದಾರೆ ಎಂದುಕೊಂಡೆ.

"ಈ ಘಟನೆ ಆದ ಮೇಲೆ ಮನೆಗೆ ಯಾರು ಯಾರು ಬಂದ್ರು?"

"ಕೊಕ್ಕರೆ ಒಬ್ಬನೇ," ಎಂದು ಕ್ಯಾಪ್ಟನ್ ನಕ್ಕರು. "ತರಬೇತಿ ಕಾಲದ ಗೆಳೆಯ. ಉದ್ದುದ್ದ ಕಾಲು, ಅದಕ್ಕೇ ಆ ಹೆಸರು. ಅವನೂ ಕ್ಯಾಪ್ಟನ್ ಆಗಿದ್ದ. ನಾಲ್ಕು ವರ್ಷದ ಹಿಂದೆ ಮೆಡಿಕಲ್‌ನಲ್ಲಿ ಎದೆಬಡಿತ ಸರಿಯಿಲ್ಲ ಅಂತ ಕೆಳಗಿಳಿಸಿಬಿಟ್ರು. ಅವತ್ತು ರಾತ್ರಿ ಮೊದಲು ಫೋನ್ ಮಾಡಿದ್ದೇ ಅವನಿಗೆ."

"ಬೆಳಗಾಗೋದ್ರೊಳಗೆ ಬಾಗಿಲಲ್ಲಿದ್ರು," ಎಂದರು ಹೆಂಡತಿ. "ನಾನು ಕಾಫಿ ತರೋಷ್ಟರಲ್ಲಿ ಇವರ ಹಾರಾಟದ ಬ್ಯಾಗನ್ನೂ ಎತ್ತಿ ಮೂಲೆಗೆ ಇಟ್ಟಿದ್ರು. ಕಣ್ಣೆದುರು ಇದ್ರೆ ಇವರಿಗೆ ಸಂಕಟ ಅಂತ. ಅಷ್ಟು ಅಂತಃಕರಣ. ಈಗ ಇಬ್ಬರೂ ದಿನಾ ಆ ಕೆರೆ ದಂಡೇಲೇ ಬಿದ್ದಿರ್ತಾರೆ."

ಬೀಳ್ಕೊಡುವಾಗ ಅತ್ತಿಗೆ ಹೇಳಿದರು, "ಕಣ್ಣು ನಿಜವಾಗ್ಲೂ ಕೆಟ್ಟಿದ್ರೆ ಅದನ್ನೂ ಮುಲಾಜಿಲ್ಲದೆ ಹೇಳ್ತೀನಿ. ವಯಸ್ಸು ಮುಗಿದು ಮನೆಗೆ ಬರೋದು ಬೇರೆ, ಇಲ್ಲದ ಕಾಯಿಲೆ ಹೊತ್ಕೊಂಡು ಬರೋದು ಬೇರೆ. ಯಾವುದು ಅಂತ ನೋಡೋಣ."

ಸಹಪೈಲಟ್ ಹುಡುಗಿಯನ್ನು ಅಂದು ಮಧ್ಯಾಹ್ನ ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ಕಂಡೆವು. ಕ್ಯಾಪ್ಟನ್ ಸ್ಥಾನಕ್ಕೆ ಬಡ್ತಿಯ ಹೊಸ್ತಿಲಲ್ಲಿದ್ದಳು. ಹಾಲು ಯಾರಿಗೆ ಸಿಗುತ್ತದೋ ಕದ್ದ ಬೆಕ್ಕು ಅವರೇ ಎಂದು ನಾನು ದಾರಿಯಲ್ಲೇ ತೀರ್ಪು ಕೊಟ್ಟಿದ್ದೆ. ಆದರೆ ಅವಳ ಕಣ್ಣು ಅತ್ತು ಕೆಂಪಾಗಿತ್ತು.

"ಸರ್ ಹತ್ರ ಇನ್ನೂ ಕಲಿಯೋದು ಬೇಕಾದಷ್ಟಿತ್ತು. ಇಲ್ಲಿ ಕಲಿಸೋರೇ ಕಡಿಮೆ ಆಗಿದಾರೆ."

"ಅವತ್ತು ಕಾಕ್‌ಪಿಟ್‌ನಲ್ಲಿ ವಿಚಿತ್ರ ಅನ್ನಿಸಿದ್ದು ಏನಾದ್ರೂ ಇತ್ತಾ? ಚಿಕ್ಕದಾದ್ರೂ ಪರವಾಗಿಲ್ಲ."

ಹುಡುಗಿ ಯೋಚಿಸಿದಳು. "ನಗಬೇಡಿ. ಇಳಿಯೋ ಹೊತ್ತಲ್ಲಿ ಮೀನಿನ ವಾಸನೆ ಬಂತು. ಇಬ್ಬರು ಪೈಲಟ್‌ಗೂ ಒಂದೇ ಊಟ ಕೊಡಲ್ಲ, ಒಂದು ಕೆಟ್ಟಿದ್ರೆ ಇಬ್ಬರೂ ಮಲಗಬಾರದು ಅಂತ. ಸರ್‌ಗೆ ಮೀನು ಬಂದಿರಬೇಕು ಅಂದ್ಕೊಂಡೆ. ಆಮೇಲೆ ನೆನಪಾಯ್ತು, ಸರ್ ಮೀನು ತಿನ್ನೋದೇ ಇಲ್ಲ."

"ಭೇಷ್!" ಎಂದು ಅತ್ತಿಗೆ ಅವಳ ಬೆನ್ನು ತಟ್ಟಿದರು. ಮೀನಿನ ವಾಸನೆಗೆ ಭೇಷ್ ಎನ್ನುವಂಥದ್ದೇನಿದೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಕೆರೆಗೆ ಹೋದೆವು. ನೀರೆಲ್ಲ ಕಾದ ತಗಡಿನಂತೆ ಹೊಳೆಯುತ್ತಿತ್ತು. ಕೊಕ್ಕರೆ ಎಂಬ ಹೆಸರನ್ನು ಯಾರು ಇಟ್ಟಿದ್ದರೋ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಆ ಎತ್ತರದ ಮನುಷ್ಯ ಗಾಳ ಹಿಡಿದು ದಂಡೆಯಲ್ಲಿ ಅಲುಗಾಡದೆ ನಿಂತಿದ್ದರು. ಕಣ್ಣಿಗೆ ಕಪ್ಪು ಕನ್ನಡಕ.

"ನೀವೂ ಕ್ಯಾಪ್ಟನ್ನೂ ಒಂದೇ ಥರದ ಕನ್ನಡಕ ಹಾಕ್ತೀರಲ್ಲ," ಎಂದರು ಅತ್ತಿಗೆ.

"ಒಂದೇ ಅಂಗಡಿ, ಒಂದೇ ದಿನ ತಗೊಂಡಿದ್ದು. ಪವರೂ ಹೆಚ್ಚು ಕಡಿಮೆ ಒಂದೇ. ನಮ್ಮಿಬ್ಬರ ಕಣ್ಣೂ ಜೋಡೆತ್ತಿನ ಹಾಗೆ ಒಟ್ಟಿಗೇ ಮುದಿಯಾದವು," ಎಂದು ನಕ್ಕ ಅವರು ತಟ್ಟನೆ ದನಿ ತಗ್ಗಿಸಿದರು. "ಶ್, ಅಲ್ಲಿ ನೋಡಿ! ಆ ಕಲ್ಲಿನ ಬುಡದಲ್ಲಿ, ಎರಡು ಮೀನು."

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಹೊಳಪು ಬಿಟ್ಟರೆ ನನಗೆ ಏನೂ ಕಾಣಲಿಲ್ಲ.

"ನನಗೂ ಕಾಣ್ತಿಲ್ಲ," ಎಂದರು ಅತ್ತಿಗೆ ಮೆಲ್ಲಗೆ. "ನಾಳೆ ಬೆಳಗ್ಗೆ ಕ್ಯಾಪ್ಟನ್ ಮನೆಗೆ ಬನ್ನಿ. ಈ ಕನ್ನಡಕಾನೂ ತನ್ನಿ." ಕೊಕ್ಕರೆಯ ಕೈಯಲ್ಲಿದ್ದ ಗಾಳ ಆಗ ಮೊದಲ ಸಲ ಅಲುಗಿತು.

ಮರುದಿನ ಕ್ಯಾಪ್ಟನ್ ಮನೆಯ ಹಾಲ್‌ನಲ್ಲಿ ದಂಪತಿ, ಸಹಪೈಲಟ್, ಕೊಕ್ಕರೆ ಎಲ್ಲರೂ ಸೇರಿದ್ದರು. ನಾನು ಲ್ಯಾಪ್‌ಟಾಪ್ ಹೊತ್ತು ತಂದಿದ್ದೆ.

"ಕ್ಯಾಪ್ಟನ್ ಕಣ್ಣಿಗೆ ಏನೂ ಆಗಿಲ್ಲ," ಎಂದು ಅತ್ತಿಗೆ ಶುರು ಮಾಡಿದರು. "ಕತ್ತು ವಾಲಿಸಿದಾಗ ಹೆಚ್ಚಾಗೋ ಕತ್ತಲೆ ಕಣ್ಣಿನ ಒಳಗಿನದಲ್ಲ, ಕಣ್ಣಿನ ಮುಂದಿನದು. ಇನ್ನೊಂದು, ಕೆರೆ ಮಿನುಗಲಿಲ್ಲ. ಕಣ್ಣು ಹೋಗ್ತಿದ್ದವರಿಗೆ ರನ್‌ವೇ ಕಂಡು ಕೆರೆಯ ಹೊಳಪು ಮಾತ್ರ ಕಾಣದೆ ಇರುತ್ತಾ? ನೀರಿನ ಹೊಳಪನ್ನ ಸೋಸಿಬಿಡೋ ಗಾಜು ಇದೆ. ಪೋಲರೈಸ್ಡ್ ಗಾಜು. ಅದೇ ಗಾಜು ಇಂಥ ಪರದೆಗಳ ಬೆಳಕನ್ನೂ ತಡೆಯುತ್ತೆ. ಅದಕ್ಕೇ ಪೈಲಟ್‌ಗಳು ಅದನ್ನ ಹಾಕಲ್ಲ."

"ನನ್ನ ಹತ್ರ ಅಂಥದ್ದಿಲ್ಲ!" ಎಂದರು ಕ್ಯಾಪ್ಟನ್.

"ಇಲ್ಲ. ನಿನ್ನೆ ನಿಮ್ಮದನ್ನ ತಿರುಗಿಸಿ ನೋಡಿದೆ, ಪರದೆ ಕಪ್ಪಾಗಲಿಲ್ಲ. ಹಾಗಾದ್ರೆ ಅವತ್ತು ನಿಮ್ಮ ಮೂಗಿನ ಮೇಲೆ ಇದ್ದಿದ್ದು ಬೇರೆಯವರದ್ದು. ಯಾರದ್ದು? ಅದನ್ನ ವಾಸನೆ ಹೇಳ್ತು. ಇಳಿಯೋ ಮುಂಚೆ ಡಬ್ಬಿಯ ಬಟ್ಟೆಯಿಂದ ಕನ್ನಡಕ ಒರೆಸಿದಿರಿ. ಆ ಬಟ್ಟೆ ಮೀನು ಹಿಡಿಯೋ ಕೈಯದು. ಹಾರಾಟದ ಹಿಂದಿನ ದಿನ ಎಲ್ಲಿದ್ರಿ?"

"ಕೆರೆ ಹತ್ರ... ಇವನ ಜೊತೆ. ಇಬ್ಬರ ಡಬ್ಬಿನೂ ಬೆಂಚಿನ ಮೇಲಿತ್ತು." ಕ್ಯಾಪ್ಟನ್ ದನಿ ಇಳಿಯಿತು.

ಅತ್ತಿಗೆ ಕೈ ಚಾಚಿದರು. ಕೊಕ್ಕರೆ ತಮ್ಮ ಕನ್ನಡಕ ಕೊಟ್ಟರು. ಅದು ಲ್ಯಾಪ್‌ಟಾಪ್ ಎದುರು ತಿರುಗಿತು. ಗಾಜಿನೊಳಗೆ ಪರದೆ ಮೊದಲು ಮಂಕಾಗಿ, ಆಮೇಲೆ ಇದ್ದಿಲಿನಷ್ಟು ಕಪ್ಪಾಯಿತು. ಸಹಪೈಲಟ್ ಹುಡುಗಿ "ಅಯ್ಯೋ" ಎಂದಳು.

"ಮೀನು ಹಿಡಿಯೋದಕ್ಕೆ ಅಂತ ಆ ಗಾಜು ಹಾಕಿಸಿದ್ದೆ," ಎಂದರು ಕೊಕ್ಕರೆ. "ಡಬ್ಬಿ ಅದಲು ಬದಲಾಗಿದ್ದು ದೇವರಾಣೆಗೂ ಗೊತ್ತಿರಲಿಲ್ಲ. ಇವನು ಫೋನ್ ಮಾಡಿದಾಗ..."

"ಆಗ ಗೊತ್ತಾಯ್ತು," ಎಂದರು ಅತ್ತಿಗೆ. "ನೀವೂ ಪೈಲಟ್. ಕತ್ತು ವಾಲಿಸಿದರೆ ಕಪ್ಪು ಅಂದ ತಕ್ಷಣ ಹೊಳೆದಿರುತ್ತೆ. ಬೆಳಗ್ಗೆ ಓಡಿ ಬಂದ್ರಿ, ಅವರ ಬ್ಯಾಗಿಗೆ ಅವರದ್ದನ್ನ ಹಾಕಿ ನಿಮ್ಮದನ್ನ ತಗೊಂಡ್ರಿ. ಅದಲು ಬದಲು ತಪ್ಪಲ್ಲ. ಆಮೇಲೆ ಹದಿನೈದು ದಿನ ಬಾಯಿ ಬಿಡಲಿಲ್ಲವಲ್ಲ, ತಪ್ಪು ಅದು."

"ಬಯ್ಯಿಸ್ಕೊಳ್ಳೋಕೆ ಹೆದರಿ ಬದಲಾಯಿಸಿದೆ. ಸಂಜೆ ಹೇಳಿಬಿಡೋಣ ಅಂದ್ಕೊಂಡೆ," ಎಂದರು ಕೊಕ್ಕರೆ. "ಸಂಜೆ ಇವನೇ ಕೆರೆ ಹತ್ರ ಬಂದ. ನಾಲ್ಕು ವರ್ಷದಿಂದ ಇವನು ನನ್ನ ತಲೆ ಮೇಲೆ ಹಾರಿ ಹೋಗೋದನ್ನ ಕತ್ತೆತ್ತಿ ನೋಡಿದೀನಿ. ಆ ದಿನ ಪಕ್ಕದಲ್ಲಿ ಕೂತಿದ್ದ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

ಕ್ಯಾಪ್ಟನ್ ಗೆಳೆಯನ ಕಡೆ ತಿರುಗಿದರು. "ನಮ್ಮಪ್ಪನ ಹಾಗೆ ಗೋಡೆ ತಡವಿಕೊಂಡು ನಡೀತಿರೋ ಕನಸು ಬೀಳುತ್ತೆ ಅಂತ ದಿನಾ ನಿನಗೆ ಹೇಳ್ತಿದ್ದೆ ಕಣೋ. ಕೇಳಿಸ್ಕೊಂಡು ಹೇಗೋ ಸುಮ್ಮನಿದ್ದೆ ನೀನು?"

ಕೊಕ್ಕರೆ ಎದ್ದು ನಿಂತರು. "ನಾಳೆ ಮಂಡಳಿ ಮುಂದೆ ನಾನೇ ಬಂದು ಹೇಳ್ತೀನಿ. ಕನ್ನಡಕಾನೂ ತರ್ತೀನಿ. ಆಮೇಲೆ ನೀನು ನನ್ನ ಮುಖ ನೋಡದಿದ್ರೂ ಸರಿ."

ಕ್ಯಾಪ್ಟನ್ ಕಿಟಕಿಯಾಚೆ ನೋಡುತ್ತಿದ್ದರು. ಅವರ ಹೆಂಡತಿ ಕಣ್ಣೊರೆಸಿಕೊಂಡು ಇಬ್ಬರಿಗೂ ಕಾಫಿ ತಂದರು. ಕ್ಯಾಪ್ಟನ್ ತಮ್ಮ ಲೋಟವನ್ನು ಮುಟ್ಟಲಿಲ್ಲ.

"ಹಾರೋದಕ್ಕೆ ತಾನೇ ಎದೆಬಡಿತ ಸರಿ ಇರಬೇಕು?" ಎಂದು ಅತ್ತಿಗೆ ಹೊರಡುವಾಗ ಸಹಪೈಲಟ್ ಹುಡುಗಿಯನ್ನು ಕೇಳಿದರು, ಕೊಕ್ಕರೆಗೆ ಕೇಳಿಸುವಷ್ಟು ಜೋರಾಗಿ. "ನಿಮ್ಮ ತರಬೇತಿ ಯಂತ್ರ, ಆ ಸಿಮ್ಯುಲೇಟರ್, ನೆಲ ಬಿಟ್ಟು ಏಳಲ್ಲವಲ್ಲ. ಅಲ್ಲಿ ಕಲಿಸೋದಕ್ಕೆ?"

ಕೊಕ್ಕರೆ ಮಾತಿಗೆ ತಪ್ಪಲಿಲ್ಲ. ಮಂಡಳಿಯವರು ನಿಂತಿದ್ದ ವಿಮಾನದಲ್ಲೇ ಎರಡೂ ಕನ್ನಡಕಗಳನ್ನು ಪರೀಕ್ಷಿಸಿ, ಕ್ಯಾಪ್ಟನ್‌ಗೆ ಸರ್ಟಿಫಿಕೇಟ್ ಕೊಟ್ಟರು. ಗೆಳೆಯರ ನಡುವೆ ಮಾತು ಮಾತ್ರ ಹುಟ್ಟಲಿಲ್ಲ. ಕಾಲವೇ ಮದ್ದು ಎಂದು ಅತ್ತಿಗೆ ಹೇಳಿದಾಗ ನಾನು ತಲೆಯಾಡಿಸಿದೆ, ನಂಬಿಕೆಯಿಂದಲ್ಲ.

ಕೆಲವು ತಿಂಗಳ ನಂತರ ಸಹಪೈಲಟ್ ಹುಡುಗಿ ಸಿಹಿ ಹಿಡಿದು ಬಂದಳು. ಅವಳಿಗೆ ಕ್ಯಾಪ್ಟನ್ ಪಟ್ಟ ಸಿಕ್ಕಿತ್ತು. ಅವಳು ಹೇಳಿದ ಸುದ್ದಿ ಸಿಹಿಗಿಂತ ರುಚಿಯಾಗಿತ್ತು.

ಅಂದು ಕ್ಯಾಪ್ಟನ್ ತರಬೇತಿ ಯಂತ್ರದಲ್ಲಿ ತಮ್ಮ ಮಾಮೂಲಿ ಪರೀಕ್ಷೆಗೆ ಹೋಗಿದ್ದರು. ಹಿಂದಿನ ಆಸನದಲ್ಲಿ ಹೊಸ ಶಿಕ್ಷಕರು, ಉದ್ದ ಕಾಲು ಮಡಚಲಾಗದೆ ಒದ್ದಾಡುತ್ತ ಕುಳಿತಿದ್ದರು. ಅವರ ಪ್ರತಿ ತರಗತಿಯ ಮೊದಲ ಪಾಠವೂ ಒಂದೇ: ಎಲ್ಲರೂ ತಂಪು ಕನ್ನಡಕ ತೆಗೆದು ಪರದೆ ಎದುರು ತಿರುಗಿಸಬೇಕು. ಯಾಕೆಂದು ಕೇಳಿದವರಿಗೆ ತಮ್ಮ ಕತೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದರಂತೆ.

"ಕ್ಯಾಪ್ಟನ್, ನಿಮ್ಮ ಕನ್ನಡಕ ತೋರಿಸಿ," ಎಂದರಂತೆ ಶಿಕ್ಷಕರು, ತಲೆಯೆತ್ತದೆ.

ಕ್ಯಾಪ್ಟನ್ ತೋರಿಸಿದರು. ಪರದೆ ಕಪ್ಪಾಗಲಿಲ್ಲ. ಅದನ್ನು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತಮ್ಮ ಹೆಸರನ್ನು ದಪ್ಪಗೆ ಬರೆದು, ಪೆನ್ನನ್ನು ಹಿಂದಕ್ಕೆ ಚಾಚಿದರು.

"ತಗೋ, ನಿನ್ನದರ ಮೇಲೂ ಬರಿ. ಭಾನುವಾರ ಕೆರೆ ಹತ್ರ ಬರ್ತೀನಿ."