ಮಸಿ ಹಚ್ಚಿಕೊಂಡ ಅರಮನೆ

ಬಹಳ ಬಹಳ ಕಾಲದ ಹಿಂದೆ ಮುತ್ತಿನಕೋಟೆ ಎಂಬ ರಾಜ್ಯದಲ್ಲಿ, ಯುದ್ಧವಿಲ್ಲದೆ ಬೇಸರ ಹಿಡಿದ ಒಬ್ಬ ರಾಜನಿದ್ದ. ಹೆಸರು ರಂಜನರಾಯ. ಅವನ ಬೇಸರ ಕಳೆಯಲು ದಾಳಕೇತು ಎಂಬ ಮಾಂತ್ರಿಕ ಒಂದು ಆಟ ಕಟ್ಟಿಕೊಟ್ಟ. ಆಡುವವರು ಒಂದೊಂದು ವೇಷ ಹಾಕಬೇಕು, ದಾಳ ಉರುಳಿಸಬೇಕು, ವೇಷಕ್ಕೆ ತಕ್ಕಂತೆ ನಡೆಯಬೇಕು. ವೀರರಾಗಲು ಎಲ್ಲರೂ ಮುಂದೆ ಬಂದರು. ಕೊಲ್ಲಿಸಿಕೊಳ್ಳಲು ರಾಕ್ಷಸರೂ ಬೇಕಲ್ಲ? ದಾಳಕೇತು ಮರದ ಗೊಂಬೆಗಳನ್ನು ಕೆತ್ತಿ ಮಣೆಯ ಮೇಲಿಟ್ಟು, “ಇವರು ಕರಿಗುಡ್ಡದವರು” ಅಂದ.

ಆ ಆಟದಲ್ಲಿ ಕರಿಗುಡ್ಡದವರು ಎರಡೇ ಬಗೆ. ಗುರುಗುಟ್ಟುವ ಗಂಡಸರು, ಶಾಪ ಹಾಕುವ ಮುದುಕಿಯರು.

ತೊಂದರೆ ಏನೆಂದರೆ, ಕರಿಗುಡ್ಡ ನಿಜವಾಗಿಯೂ ಇತ್ತು. ಅಲ್ಲಿನ ಜನ ಸಾಮೆ ಬೆಳೆದುಕೊಂಡು, ಆಡು ಸಾಕಿಕೊಂಡು, ಅಷ್ಟಿಷ್ಟು ಜಗಳವಾಡಿಕೊಂಡು ಇದ್ದರು. ದಾಳಕೇತುವಿನ ಮಣೆ ಮಾಟದ ಮಣೆ. ಅದರ ಮೇಲೆ ಆಡಿದ್ದೆಲ್ಲ ನಿಜವಾಗುತ್ತಿತ್ತು. ಆಟ ಶುರುವಾದ ಮೇಲೆ ಗುಡ್ಡದ ಗಂಡಸರಿಗೆ ಕೋರೆಹಲ್ಲು ಬಂತು, ಮಾತು ಹೋಯಿತು. ಮುದುಕಿಯರ ಬಾಯಲ್ಲಿ ಶಾಪ ಬಿಟ್ಟು ಬೇರೇನೂ ಬಾರದಾಯಿತು.

ಅಲ್ಲಿ ನೇರಳೆ ಎಂಬ ಹುಡುಗಿ ಇದ್ದಳು. ಅವಳ ತಾಯಿ, ತಲೆ ನರೆತ ಸೀಗವ್ವ, ಇಡೀ ಗುಡ್ಡಕ್ಕೆ ಮಾತಿನಮಲ್ಲಿ.

“ಅವ್ವಾ, ಅಂಬಲಿ ಕುದೀತಾ?” ಅಂತ ನೇರಳೆ ಕೇಳಿದರೆ ಸೀಗವ್ವ “ನಾಶವಾಗು!” ಅನ್ನುತ್ತಿದ್ದಳು. ಅಂದು, ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ನೇರಳೆಗೆ ಮಾತ್ರ ಏನೂ ಆಗಿರಲಿಲ್ಲ. ಬುದ್ಧಿ ನೆಟ್ಟಗಿರುವ ಹರೆಯದ ಹೆಣ್ಣೊಬ್ಬಳು ಗುಡ್ಡದಲ್ಲಿ ಇರಬಹುದು ಎಂದು ಆಟ ಕಟ್ಟಿದವನಿಗೆ ಹೊಳೆದೇ ಇರಲಿಲ್ಲ. ಮಾಟಕ್ಕೆ ಅವಳು ಸಿಗಲಿಲ್ಲ.

ಉಪ್ಪು ಮಾರುವವನ ಬಾಯಿಂದ ಅರಮನೆಯ ಮಾಟದ ಮಣೆಯ, ಗೊಂಬೆಗಳ ಸುದ್ದಿ ತಿಳಿದ ನೇರಳೆ, ಸಾಮೆ ರೊಟ್ಟಿ ಕಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಅನುಮಾನವೇ. ಕೋಟೆ ಕಡೆಯ ಬಯಲಿನವರು ಮಣ್ಣು ಮುಟ್ಟಿದರೆ ಸಾಯುತ್ತಾರಂತೆ, ಮಲಗುವಾಗಲೂ ಕಿರೀಟ ತೆಗೆಯುವುದಿಲ್ಲವಂತೆ. ಗುಡ್ಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿದವರಾರೂ ಬಯಲು ನೋಡಿರಲಿಲ್ಲ.

ಕೋಟೆಯ ಬಾಗಿಲಲ್ಲಿ ಎರಡು ತಲೆಯ ಹುಲಿ ಕಾವಲಿತ್ತು. ಒಂದು ತಲೆ ಬಾಗಿಲನ್ನು ಕಾಯುತ್ತಿತ್ತು, ಇನ್ನೊಂದು ತಲೆ ಆ ತಲೆಯನ್ನು ಕಾಯುತ್ತಿತ್ತು. ಆಟದ ಹಬ್ಬಕ್ಕೆ ಎಲ್ಲರಿಗೂ ಕರಿಗುಡ್ಡದವರ ವೇಷವೆಂದು ಎಡದ ತಲೆಯ ಹಣೆಗೂ ಒಂದು ಮಸಿಗೆರೆ ಎಳೆದಿದ್ದರು.

ನೇರಳೆ ನಿಂತುಬಿಟ್ಟಳು. ಅವಳ ಗುಡ್ಡದಲ್ಲಿ ತಪ್ಪು ಮಾಡಿದವರು ತಾವಾಗಿ ಒಲೆಯ ಮಸಿಯನ್ನು ಹಣೆಗೆ ಹಚ್ಚಿಕೊಂಡು ಬಂದು ಕೂರುತ್ತಾರೆ. ಯಾರೂ ಬೈಯುವ ಹಾಗಿಲ್ಲ. ಕೇಳಬೇಕು, ಅವರು ನಿಜ ಹೇಳಬೇಕು. ಆಮೇಲೆ ಕೇಳಿದವರೇ ಮಸಿ ತೊಳೆದು ಜೊತೆಗೆ ಉಣ್ಣಬೇಕು. ಮಸಿ ಕಂಡ ಮೇಲೆ ಕೇಳದೆ ಹೋದರೆ ಅದೇ ಮರ್ಯಾದೆಗೇಡು.

“ಏನಪ್ಪಾ, ಏನು ತಪ್ಪಾಯ್ತು?” ಅಂದಳು ಹುಲಿಗೆ.

“ನಿನ್ನೆ ಬಲದ ತಲೆ ನಿದ್ದೆ ಹೋದಾಗ ಅದರ ಪಾಲಿನ ಮಾಂಸ ನಾನೇ ತಿಂದೆ,” ಅಂದಿತು ಎಡದ ತಲೆ. ಅಂದು, ತಾನೇ ಬೆಚ್ಚಿತು.

“ಗೊತ್ತಿತ್ತು! ನನಗೆ ಮೊದಲೇ ಅನುಮಾನ ಇತ್ತು!” ಎಂದು ಬಲದ ತಲೆ ಎರಗಿತು. ಹುಲಿ ತನ್ನನ್ನು ತಾನೇ ಕಚ್ಚಿಕೊಂಡು ಉರುಳಾಡುತ್ತಿದ್ದಾಗ ನೇರಳೆ ಒಳಗೆ ನಡೆದಳು.

ಸಭೆಯಲ್ಲಿ ನೋಡಿದರೆ ಅಲ್ಲೂ ಹಣೆ ಹಣೆಗೂ ಮಸಿ. ‘ಅಯ್ಯೋ ಶಿವನೇ, ಇಷ್ಟು ಜನ ತಪ್ಪಿತಸ್ಥರಾ?’ ಅಂದುಕೊಂಡಳು. ಎಲ್ಲರಿಗಿಂತ ದಪ್ಪಗೆ ಮೂರು ಗೆರೆ ಎಳೆದುಕೊಂಡವನು ದಾಳಕೇತು.

“ನಾನು ಕರಿಗುಡ್ಡದವಳು ಬುದ್ಧೀ. ನಮ್ಮವರ ಗೊಂಬೆ ನಮಗೆ ಕೊಟ್ಟುಬಿಡಿ,” ಅಂದಳು ನೇರಳೆ ರಾಜನಿಗೆ.

ದಾಳಕೇತು ಕಣ್ಣು ಕಿರಿದು ಮಾಡಿದ. “ಸುಳ್ಳು, ಮಹಾಪ್ರಭು. ಗುಡ್ಡದಲ್ಲಿ ಇಂಥವಳು ಇರೋದಿಲ್ಲ. ಇವಳು ಬೇಹಿನವಳು.” ಅವಳ ಜಡೆ ಬಿಚ್ಚಿಸಿದ, ಗಂಟು ಬಿಚ್ಚಿಸಿದ, ರೊಟ್ಟಿ ಮುರಿದು ಮೂಸಿ ನೋಡಿದ. ಏನೂ ಸಿಗದೇ ಇದ್ದದ್ದಕ್ಕೆ ಅವನ ಅನುಮಾನ ಇನ್ನೂ ಹೆಚ್ಚಾಯಿತು.

ರಾಜ ಹೇಳಿದ: “ಮೂರು ಪರೀಕ್ಷೆ. ನೀನು ಗುಡ್ಡದವಳು ಅಂತ ತೋರಿಸು, ಗೊಂಬೆ ನಿನ್ನದು. ಸೋತರೆ ಹುಲಿಯ ಎರಡೂ ತಲೆಗೆ ಊಟ.”

ಮೊದಲನೆಯದು ಗುರುಗುಟ್ಟುವುದು. ಕರಡಿ ಚರ್ಮದೊಳಗೆ ಬೆವರು ಸುರಿಸುತ್ತಿದ್ದ ಮಂತ್ರಿಯ ಮಗ ಪುಷ್ಪದತ್ತ ಗುರುಗುಟ್ಟಿದಾಗ ಕಂಬದ ಮೇಲಿನ ಪಾರಿವಾಳಗಳು ಹಾರಿಹೋದವು. ನೇರಳೆ ಪ್ರಯತ್ನಪಟ್ಟಳು. ಕೆಮ್ಮು ಬಂತು. ಸಭೆ ನಕ್ಕಿತು.

ಎರಡನೆಯದು ರಕ್ತ ಕುಡಿಯುವುದು. ಪುಷ್ಪದತ್ತ ಕೆಂಪು ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ ಎದೆ ಬಡಿದುಕೊಂಡ. ನೇರಳೆ ತನ್ನ ಬಟ್ಟಲನ್ನು ಮೂಸಿ, ನಾಲಿಗೆಗೆ ತಾಗಿಸಿ, “ಇದು ಪಾನಕ. ಬೆಲ್ಲ ಜಾಸ್ತಿ ಆಗಿದೆ,” ಅಂದಳು.

“ನೋಡಿದಿರಾ? ಗುಡ್ಡದವಳಾಗಿದ್ದರೆ ಕುಡಿದು ಕೇಕೆ ಹಾಕ್ತಿದ್ದಳು!” ಅಂದ ದಾಳಕೇತು.

“ಅಲ್ಲಾ, ಗುಡ್ಡದವಳು ನಾನಾ, ಇವರಾ?”

“ಇವರು ನಿನಗಿಂತ ಚೆನ್ನಾಗಿ ಮಾಡ್ತಾರೆ. ಅಷ್ಟೇ ನಮಗೆ ಬೇಕಾದ್ದು. ಮೂರನೆಯದು ಶಾಪದ ಕುಣಿತ. ಕುಣಿ!”

ನೇರಳೆ ಕಾಲು ಎತ್ತಲಿಲ್ಲ. ಮನೆಯಲ್ಲಿ ಅವ್ವ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಇಲ್ಲಿ ತಾನು ಕುಣಿದರೆ ಆ ಶಾಪವೇ ನಿಜವೆಂದು ತಾನೇ ಒಪ್ಪಿದ ಹಾಗೆ. ಕುಣಿಯದಿದ್ದರೆ ಹುಲಿ. ಹುಲಿ ಅಂದೊಡನೆ ಹುಲಿಯ ಮಾತು ನೆನಪಾಯಿತು. ಕೇಳಿದ ಕೂಡಲೇ ಅದು ನಿಜ ಹೇಳಿತ್ತಲ್ಲ, ಗುಡ್ಡದವರ ಹಾಗೆ? ಈ ಆಟದಲ್ಲಿ ಆಡಿದ್ದೆಲ್ಲ ನಿಜವಾಗುವುದಾದರೆ ಮಸಿಯೂ ನಿಜವಾಗಬೇಕಲ್ಲ?

ಅವಳು ಮಾಂತ್ರಿಕನ ಎದುರು ಹೋಗಿ ನೆಲದ ಮೇಲೆ ಕೂತಳು. ಮೆಲ್ಲಗೆ ಕೇಳಿದಳು.

“ಏನಪ್ಪಾ, ಏನು ತಪ್ಪಾಯ್ತು?”

ದಾಳಕೇತು ಬಾಯಿ ಮುಚ್ಚಲು ಎರಡೂ ಕೈ ಎತ್ತಿದ. ಕೈಗಿಂತ ಮಾತು ಬೇಗ ಬಂತು. “ನಾನು ಕರಿಗುಡ್ಡ ನೋಡೇ ಇಲ್ಲ. ವೀರರಿಗೆ ಹೊಡೆಯೋಕೆ ಯಾರಾದರೂ ಬೇಕಿತ್ತು, ಹೊಡೆದರೂ ಯಾರಿಗೂ ಸಂಕಟ ಆಗದಂಥವರು. ಗುಡ್ಡದವರು ಹಣೆಗೆ ಮಸಿ ಹಚ್ತಾರೆ ಅಂತ ಉಪ್ಪಿನವನು ಹೇಳಿದ. ಯುದ್ಧಕ್ಕೆ ಅಂದುಕೊಂಡೆ. ಯಾಕೆ ಅಂತ ಕೇಳಲಿಲ್ಲ.”

“ಮಾಟ ಬಿಡಿಸೋದು ಹೇಗಪ್ಪಾ?”

“ಹೆಸರಿರೋ ಗೊಂಬೆ ಮೇಲೆ ಮಾಟ ನಿಲ್ಲೋದಿಲ್ಲ. ಅದಕ್ಕೇ ನಾನು ಯಾರಿಗೂ ಹೆಸರಿಡಲಿಲ್ಲ.”

ನೇರಳೆ ಮಣೆಯ ಹತ್ತಿರ ಓಡಿದಳು. “ಇವನು ಹಲಸಯ್ಯ, ನಮ್ಮ ಚಿಕ್ಕಪ್ಪ, ಗುಡುಗಿಗೆ ಹೆದರ್ತಾನೆ. ಇವನು ಹೊನ್ನೆ, ಆಡಿಗೆ ಮುತ್ತು ಕೊಡೋನು. ಇವಳು ತಾರೆಯಜ್ಜಿ, ಕವಡೆ ಆಟದಲ್ಲಿ ಬರೀ ಮೋಸ. ಇವಳು...” ಕೊನೆಯ ಗೊಂಬೆಯನ್ನು ಅವಳು ಎರಡೂ ಕೈಯಲ್ಲಿ ಎತ್ತಿಕೊಂಡಳು. “ಇವಳು ಸೀಗವ್ವ.” ಹೆಸರು ಹಿಡಿದು ಕರೆದಂತೆ ಒಂದೊಂದು ಗೊಂಬೆಯೂ ಬರೀ ಸೌದೆಯಾಯಿತು. ಕೊನೆಯದಕ್ಕೆ ಮಣೆ ಎರಡಾಗಿ ಸೀಳಿತು.

ಗೊಂಬೆಗಳ ಮೇಲಿನ ಮಾಟವೇನೋ ಮುಗಿಯಿತು. ಆದರೆ ಹಚ್ಚಿದ ಮಸಿ ಇನ್ನೂ ಹಾಗೇ ಇತ್ತು. ಮಹಾರಾಣಿ ಮೆಲ್ಲನೆ ರಾಜನ ಕಡೆ ತಿರುಗಿದಳು. ಯಾರೂ ಯಾರನ್ನೂ ಏನೂ ಕೇಳುವ ಮೊದಲೇ ಸಭೆಯ ಉತ್ತರೀಯಗಳೆಲ್ಲ ಹಣೆಗೆ ಹೋದವು.

ನೇರಳೆ ನೀರು ತರಿಸಿ, ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ತಿಕ್ಕಿ ದಾಳಕೇತುವಿನ ಒಂದು ಗೆರೆ ತೊಳೆದಳು. ರೊಟ್ಟಿಯ ಚೂರೊಂದನ್ನು ಅವನ ಕೈಗಿಟ್ಟಳು. “ಇದು ನನ್ನ ಪಾಲಿಂದು. ಉಳಿದ ಗೆರೆ ಗುಡ್ಡದವರದು. ನಡಿ.”

ಗುಡ್ಡ ಅರ್ಧ ಹತ್ತುವ ಮೊದಲೇ ಸೀಗವ್ವನ ದನಿ ಕೇಳಿಸಿತು. “ಎಲ್ಲಿಗೆ ಹಾಳಾಗಿ ಹೋಗಿದ್ದೆಯೇ? ಅಂಬಲಿ ಆರಿ ಕಲ್ಲಾಯ್ತು, ಆಡು ಬೇಲಿ ಮುರೀತು, ನಿನ್ನ ಚಿಕ್ಕಪ್ಪ ಬೆಳಗಿಂದ ಮಾತಾಡ್ತಾನೇ ಇದ್ದಾನೆ, ಇವನ್ಯಾರು ಜೊತೇಲಿ, ಯಾಕೆ ಅಳ್ತೀಯಾ?” ನೇರಳೆ ನಿಂತು ಪೂರ್ತಿ ಕೇಳಿಸಿಕೊಂಡಳು.

ಬೈದು ದಣಿದ ಮೇಲೆ ಸೀಗವ್ವ ಮಗಳನ್ನು ತಬ್ಬಿಕೊಂಡು, ಕಿವಿಯಲ್ಲಿ ಕೇಳಿದಳು: “ಅಂದಹಾಗೆ, ಬಯಲಿನವರು ಮಲಗುವಾಗಲೂ ಕಿರೀಟ ಹಾಕ್ಕೋತಾರಂತೆ, ಹೌದೇನೇ?”

“ನಾನು ನೋಡಿಲ್ಲ ಅವ್ವಾ,” ಅಂದಳು ನೇರಳೆ. “ಇಲ್ಲೇ ಒಬ್ಬ ಮಸಿ ಹಚ್ಚಿಕೊಂಡು ಬಂದಿದ್ದಾನೆ. ಅವನನ್ನೇ ಕೇಳು.”

ಅಲ್ಲಿಂದಾಚೆ ಕರಿಗುಡ್ಡದವರು ಸುಖವಾಗಿದ್ದರು, ಜಗಳವಾಡುತ್ತಾ. ಮುತ್ತಿನಕೋಟೆಯವರೂ ಸುಖವಾಗಿದ್ದರು, ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಾ.