ಏಳನೇ ಕಾಟಿನ ಜ್ವರ

ಥರ್ಮಾಮೀಟರ್ ಬಾಯಲ್ಲಿದ್ದ ಎರಡು ನಿಮಿಷ ಹೊನ್ನೇಶನ ಮಾತು ಬಂದ್, ಕಣ್ಣಿನ ಕಾರುಬಾರು ಶುರು. ಶಿವಲಕ್ಷ್ಮಿ ಕೈಗಡಿಯಾರವನ್ನೇ ನೋಡುತ್ತಿದ್ದರೂ ಕಿವಿ ಕೆಂಪಾಗುತ್ತಿತ್ತು.

ಗದಗ ಹೊಸದಾಗಿ ಜಿಲ್ಲೆಯಾದ ವರ್ಷವದು. ಡೋಣಿ ಎಂಬ ಹಳ್ಳಿಯ ಶಿವಲಕ್ಷ್ಮಿ ನರ್ಸಿಂಗ್ ಸ್ಕೂಲಿನ ಎರಡನೇ ವರ್ಷದಲ್ಲಿದ್ದಳು. ಅಪ್ಪ ಕಳಕಪ್ಪನೊಂದಿಗೆ ಜಗಳಾಡಿ, ಮೂರು ದಿನ ಊಟ ಬಿಟ್ಟು ಸೇರಿದ ಹುಡುಗಿ. ಹೊನ್ನೇಶ ಬೆಟಗೇರಿಯಲ್ಲಿ ಸೀರೆ ನೇಯುವವ, ಟೈಫಾಯ್ಡ್ ಆಗಿ ಅವಳು ಕಲಿಯುತ್ತಿದ್ದ ಆಸ್ಪತ್ರೆಯ ಏಳನೇ ಕಾಟಿನಲ್ಲಿ ಮಲಗಿದ್ದ.

"ಎಷ್ಟೈತ್ರಿ ಸಿಸ್ಟರ್?"

"ಇಳದೈತಿ."

"ಹಂಗಾರ ಮನಿಗಿ ಕಳಸ್ತೀರಿ, ಹೌದಿಲ್ರಿ?" ಅವನ ದನಿಯಲ್ಲಿ ಖುಷಿಯೇ ಇರಲಿಲ್ಲ.

ಮೂರು ದಿನ ಜ್ವರ ಬಾರದಿದ್ದರೆ ಡಿಸ್ಚಾರ್ಜ್. ಅಂದು ಮೂರನೇ ದಿನ, ಪಾದರಸ ತೊಂಬತ್ತೆಂಟರ ಹತ್ತಿರವೇ ನಿಂತಿತ್ತು. ಅವಳ ಪೆನ್ನು ಮಾತ್ರ ಚಾರ್ಟಿನಲ್ಲಿ ನೂರಾ ಒಂದರ ಮೇಲೆ ಚುಕ್ಕೆ ಇಟ್ಟಿತು. ಒಂದೇ ದಿನ, ಇನ್ನೊಂದೇ ದಿನ ಇರಲಿ ಎಂದಿತು ಹುಚ್ಚು ಮನಸ್ಸು.

ಮರುದಿನ ರೌಂಡ್ಸಿಗೆ ಬಂದ ಡಾಕ್ಟರ್ ಚಾರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಜ್ವರ ಮರುಕಳಿಸಿದೆ ಎಂದು ಅನ್ನ ನಿಲ್ಲಿಸಿ, ಜೋರಾದ ಇಂಜೆಕ್ಷನ್ ಬರೆದು ಹೋದರು. ವಾರ್ಡ್ ಸಿಸ್ಟರ್ ಶಮಶಾದಬಿ ಸಿರಿಂಜ್ ತುಂಬಿಕೊಂಡು ಬಂದಾಗ ಶಿವಲಕ್ಷ್ಮಿ ಕಾಟಿಗೆ ಅಡ್ಡ ನಿಂತಳು. ಬಾಯಿ ಬಿಟ್ಟರೆ ಸ್ಕೂಲಿನಿಂದ ಹೊರಗೆ, ನೇರ ಡೋಣಿಗೆ. ಬಿಡದಿದ್ದರೆ ಆ ಸೂಜಿ ಅವನಿಗೆ.

"ಬ್ಯಾಡ್ರಿ ಸಿಸ್ಟರ್! ಅವರಿಗೆ ಜ್ವರ ಇಲ್ರಿ. ನಾನ ಸುಳ್ಳ ಬರದೀನ್ರಿ."

"ಯಾಕ?"

"ಅವರು ಹೋಗಿಬಿಡತಾರಲ್ರಿ... ಅದಕ್ಕ."

ಶಮಶಾದಬಿ ತಾವೇ ಅವಳ ತಲೆಯ ಮೇಲಿನ ಬಿಳಿ ಟೋಪಿ ತೆಗೆದರು. ಮ್ಯಾಟ್ರನ್ ಹೊರಗೆ ಹಾಕಲಿಲ್ಲ, ಅದೇ ದೊಡ್ಡದು. ಆರು ತಿಂಗಳು ಟೋಪಿ ಇಲ್ಲ, ಅದೇ ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆಯುವ ಕೆಲಸ.

ಮಧ್ಯಾಹ್ನ ಗಂಟು ಹಿಡಿದು ಮನೆಗೆ ಹೊರಟ ಹೊನ್ನೇಶ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತ. ಅವಳು ತಲೆ ಎತ್ತಲಿಲ್ಲ.

"ನನಗ ಸಿಟ್ಟ ಬಂದೈತ್ರಿ," ಎಂದ. "ಒಂದ ಮಾತ ಹೇಳಿದ್ರ ನಾನ ದಿನಾ ಬರತಿದ್ದೆ. ಬೆಟಗೇರಿ ಏನ್ ದೂರ ಐತೇನ್ರಿ?"

ಉತ್ತರಕ್ಕೆ ಕಾಯದೆ ಹೊರಟುಹೋದ. ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅವಳು ಮನಸಾರೆ ಅತ್ತಳು.

ಮರುದಿನ ನಾಲ್ಕಕ್ಕೆ ಭೇಟಿಯ ಗಂಟೆ ಬಡಿಯಿತು. ಏಳನೇ ಕಾಟಿಗೆ ಹೊಸದಾಗಿ ಬಂದಿದ್ದ ಮುದುಕ ಮೌಲಾಸಾಬನ ಪಕ್ಕ ಹೊನ್ನೇಶ ಮೋಸಂಬಿ ಸುಲಿಯುತ್ತ ಕೂತಿದ್ದ. ಬಾಗಿಲಲ್ಲೇ ನಿಂತುಬಿಟ್ಟ ಶಿವಲಕ್ಷ್ಮಿಯನ್ನು ಮುದುಕ ಕರೆದ.

"ಈ ತಮ್ಮ ಯಾರಂತ ನನಗ ಗೊತ್ತಿಲ್ಲ ಯವ್ವಾ," ಎಂದ, ಬಾಯಿ ತುಂಬ ಹಣ್ಣಿನ ತೊಳೆ ಇಟ್ಟುಕೊಂಡು. "ಆರ ತಿಂಗಳ ದಿನಾ ಬರತಾನಂತ."