ಅಪ್ಪನ ತಲೆ, ಅತ್ತೆಯ ಮಡಿಲು

“ಹುಡುಗಿಗೆ ಬಿಳಿ ಬಟ್ಟೆ ತೊಡಿಸಿ ಕಳಿಸ್ತಾರಂತೆ, ಕಂಡೋರ ಹುಣ್ಣು ತೊಳೆಯೋಕೆ. ನಮ್ಮ ಮನೆತನದ ಹೆಣ್ಮಕ್ಕಳು ಚಾಪೆ ನೇಯ್ದೋರು. ಏನ್ಮಾಡೋದು, ತಾಯಿ ಕಡೆ ಬುದ್ಧಿ, ಎಲ್ಲಿಗೆ ಹೋಗುತ್ತೆ.”

ಲಂಗಿಲಂಗಿ ಅಂಗಳದಲ್ಲಿ ನಿಂತು ಬೇಲಿಗೆ ಹೇಳುವವಳಂತೆ ಹೇಳುತ್ತಿದ್ದಳು. ಮಾತು ಮುಟ್ಟಬೇಕಾದದ್ದು ಒಳಗೆ ಕೆಸುವಿನೆಲೆ ಹೆಚ್ಚುತ್ತಿದ್ದ ತಮ್ಮನ ಹೆಂಡತಿ ಪಿಸಿಲಾಳಿಗೆ, ಮುಟ್ಟಿತು ಕೂಡ. ಪಿಸಿಲಾ ಎಲೆ ಹೆಚ್ಚುತ್ತಲೇ ಇದ್ದಳು. ಟೊಂಗಾದ ನಮ್ಮ ಈ ಪುಟ್ಟ ದ್ವೀಪದಲ್ಲಿ ಗಂಡನ ಅಕ್ಕನಿಗೆ ಎದುರುತ್ತರ ಕೊಟ್ಟ ಸೊಸೆಯನ್ನು ನಾನಂತೂ ಕಂಡಿಲ್ಲ. ತಮ್ಮನ ಮನೆಯದೆಲ್ಲದರ ಮೇಲೂ ಅಕ್ಕನಿಗೆ ಹಕ್ಕು; ಲಂಗಿಲಂಗಿ ಮನಸ್ಸು ಮಾಡಿದರೆ ತಮ್ಮನ ಮನೆಯ ಒಳ್ಳೆಯ ಚಾಪೆಯನ್ನು ಕೇಳದೆ ಸುತ್ತಿಕೊಂಡು ಹೋಗಬಹುದು. ಹೋಗಿದ್ದಾಳೆ ಕೂಡ.

ಆದರೆ ತಮ್ಮ ಹಾಲೊಟಿ ಒಳಗಿದ್ದಾಗ ಮಾತ್ರ ಅವಳು ಹೊಸ್ತಿಲು ದಾಟುವವಳಲ್ಲ. ಮೀಸೆ ಮೂಡಿದ ತಮ್ಮನೊಂದಿಗೆ ಅಕ್ಕ ಒಂದೇ ಕೋಣೆಯಲ್ಲಿ ಕೂರಬಾರದು. ಅದು ಜಗಳವಲ್ಲ, ಮರ್ಯಾದೆ. ತಾಯಿ ಸತ್ತಾಗ ಹಾಲೊಟಿ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು ಇವಳೇ. ಅಷ್ಟು ಮುದ್ದಿನಿಂದ ಸಾಕಿದ ಕೂಸನ್ನು, ಅವನಿಗೆ ಮೀಸೆ ಬಂತು ಎಂಬ ಒಂದೇ ಕಾರಣಕ್ಕೆ, ಆಮೇಲೆ ಬೇಲಿಯಾಚೆಯಿಂದಲೇ ನೋಡಬೇಕಾಯಿತು... ಆ ಸಂಕಟವೆಲ್ಲ ಬೈಗುಳವಾಗಿ ಪಿಸಿಲಾಳ ಮೇಲೆ ಸುರಿಯುತ್ತಿತ್ತು ಎಂಬುದು ನನ್ನ ಅನಿಸಿಕೆ. ಅವಳನ್ನು ಕೇಳುವ ಧೈರ್ಯ ನನಗಿಲ್ಲ.

ಆ ಬಿಳಿ ಬಟ್ಟೆಯ ಹುಡುಗಿ ಪಿಸಿಲಾಳ ಮಗಳು ಆಕೋಸಿತಾ. ರಾಜಧಾನಿಯಲ್ಲಿ ನರ್ಸಿಂಗ್ ಓದುತ್ತಿದ್ದವಳು ಕೊನೆಯ ವರ್ಷದ ತರಬೇತಿಗೆ ನಮ್ಮದೇ ಆರೋಗ್ಯ ಕೇಂದ್ರಕ್ಕೆ ಬಂದಿದ್ದಳು. ಇಡೀ ದ್ವೀಪಕ್ಕೆ ಇರುವವಳು ಸಿಸ್ಟರ್ ವಿಕಾ ಒಬ್ಬಳೇ, ಅವಳಿಗೂ ನಿವೃತ್ತಿ ಹತ್ತಿರ ಬಂದಿತ್ತು. ತನ್ನ ಕುರ್ಚಿಯಲ್ಲಿ ಈ ಹುಡುಗಿ ಕೂರಲಿ ಎಂಬ ಆಸೆ ಅವಳದು. ಆದರೆ ಒಂದು ಅಳುಕೂ ಇತ್ತು. “ಇಲ್ಲಿ ಬರೋ ಪ್ರತಿಯೊಬ್ರೂ ನಿಂಗೆ ಏನೋ ಒಂದು ಆಗ್ತಾರೆ ಕಣೆ. ಒಬ್ಬ ಮಾವ, ಒಬ್ಬ ಚಿಕ್ಕಪ್ಪ. ಮೈ ಮುಟ್ಟೋಕೆ ಹಿಂಜರಿದ್ರೆ ನೀನು ಬೇರೆ ಊರು ನೋಡ್ಕೋಬೇಕಾಗುತ್ತೆ” ಎಂದು ಮೊದಲ ದಿನವೇ ಹೇಳಿದ್ದಳು. ಆಕೋಸಿತಾಳಿಗೆ ಬೇರೆ ಊರು ಬೇಕಿರಲಿಲ್ಲ. ಅಪ್ಪ ಅಮ್ಮನ ಹತ್ತಿರ, ಈ ಸಮುದ್ರದ ಹತ್ತಿರ, ಬೈಯುವ ಅತ್ತೆಯ ಹತ್ತಿರವೂ ಇರಬೇಕೆಂದೇ ಅವಳು ಈ ಓದು ಹಿಡಿದದ್ದು.

ಒಂದು ದಿನ ಹೆರಿಗೆ ನೋವು ಬಿಗಡಾಯಿಸಿದ ಒಬ್ಬಳನ್ನು ದೋಣಿಯಲ್ಲಿ ಕೂರಿಸಿಕೊಂಡು ವಿಕಾ ದೊಡ್ಡ ದ್ವೀಪದ ಆಸ್ಪತ್ರೆಗೆ ಹೋಗಿದ್ದಳು. “ಏನಾದ್ರೂ ಆದ್ರೆ ಫೋನ್ ಮಾಡು, ನಿನ್ನ ಬುದ್ಧಿಗೆ ಬಂದದ್ದು ಮಾಡಬೇಡ” ಎಂದು ಎಚ್ಚರಿಸಿಯೇ ಹೋಗಿದ್ದಳು. ಆ ದೋಣಿ ಇನ್ನೂ ವಾಪಸು ಹೊರಟಿರಲಿಲ್ಲ, ಅಷ್ಟರಲ್ಲಿ ಹಾಲೊಟಿಯನ್ನು ಹೊತ್ತು ತಂದರು. ತನ್ನ ದೋಣಿಯನ್ನು ದಡಕ್ಕೆ ಎಳೆಯುವಾಗ ಹಗ್ಗ ಹರಿದು, ಅದರ ತುದಿಯ ಕಬ್ಬಿಣದ ಕೊಕ್ಕೆ ತಲೆಗೆ ಬಡಿದಿತ್ತು. ಒತ್ತಿ ಹಿಡಿದಿದ್ದ ಅಂಗಿ ತೊಯ್ದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಹಿಂದೆಯೇ ಪಿಸಿಲಾ ಓಡಿ ಬಂದಳು. ಅವಳ ಹಿಂದೆ, ಏದುಸಿರು ಬಿಡುತ್ತ, ಲಂಗಿಲಂಗಿ ಬಂದು ಬಾಗಿಲ ಹೊರಗೇ ನಿಂತಳು.

ಆಕೋಸಿತಾ ಅಪ್ಪನನ್ನು ನೆಲದ ಚಾಪೆಯ ಮೇಲೆ ಮಲಗಿಸಿ, ಕೈತೊಳೆದು, ಕೈಗವಸು ಹಾಕಿಕೊಂಡಳು. ಹತ್ತಿಬಟ್ಟೆ ತೆಗೆದುಕೊಂಡಳು. ಅಲ್ಲಿಗೆ ಕೈ ನಿಂತಿತು.

ಅಪ್ಪನ ತಲೆ! ಮಕ್ಕಳು ಮುಟ್ಟಬಾರದ ತಲೆ. ಎಳೆಯವಳಾಗಿದ್ದಾಗಲೂ ಅವಳು ಅಪ್ಪನ ಹೆಗಲೇರಿದವಳಲ್ಲ, ಆಟಕ್ಕೆಂದೂ ಅವನ ಕೂದಲು ಎಳೆದವಳಲ್ಲ. ಮುಟ್ಟಿದ ಮಕ್ಕಳಿಗೆ ಕೇಡು ತಪ್ಪದು ಎನ್ನುವುದು ನಮ್ಮವರ ನಂಬಿಕೆ. ಹಾಲೊಟಿಗೂ ಅದೇ ಭಯ. ಅರೆಗಣ್ಣು ತೆರೆದು, “ಬೇಡ ಮಗಳೇ... ನಿಂಗೇನಾದ್ರೂ ಆದ್ರೆ ನಾನು ಬದುಕಿ ಏನು ಪ್ರಯೋಜನ. ನಿಮ್ಮಮ್ಮ ಒತ್ತಲಿ” ಎಂದ.

ಪಿಸಿಲಾ ಮಂಡಿಯೂರಿದಳು. ಆಕೋಸಿತಾ ಮಾಡಿದ ಫೋನಿನಲ್ಲಿ ವಿಕಾಳ ದನಿ ಬಂತು. “ಮೊದಲು ಗಾಯದ ಸುತ್ತ ಬೆರಳಾಡಿಸಿ ನೋಡು. ಮೂಳೆ ಒಳಗೆ ಕುಸಿದಿದ್ರೆ ಅಲ್ಲಿ ಒತ್ತಬಾರದು. ಗಟ್ಟಿ ಇದ್ರೆ ರಕ್ತ ಚಿಮ್ಮೋ ಜಾಗ ಹುಡುಕಿ ಎರಡು ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿ. ನಾನು ಹೊರಟೆ.”

ಆಕೋಸಿತಾ ಮಾಡಿದ ತಪ್ಪು ಇಲ್ಲಿ. ತಾನು ಮುಟ್ಟುವ ಬದಲು, ಪಕ್ಕದಲ್ಲಿ ಕೂತು ಅಮ್ಮನಿಗೆ ಹೇಳತೊಡಗಿದಳು. “ಅಮ್ಮ, ಸ್ವಲ್ಪ ಮೇಲೆ. ಅಲ್ಲಲ್ಲ, ಎಡಕ್ಕೆ. ಮೂಳೆ ಹೇಗಿದೆ?”

“ಹೇಗಿರಬೇಕೇ? ನಂಗೇನು ಗೊತ್ತು? ಎಲ್ಲಾ ಮೆತ್ತಗೇ ಅನ್ಸುತ್ತೆ...” ಪಿಸಿಲಾಳ ಕಣ್ಣು ನೀರಿನಲ್ಲಿ ಮುಳುಗಿತ್ತು. ಮೆತ್ತಗಿರುವುದು ಊದಿದ ಚರ್ಮವೋ, ಒಡೆದ ಬುರುಡೆಯೋ? ಹೆದರಿ ಅವಳು ಒತ್ತುವುದನ್ನೇ ಬಿಟ್ಟಳು. ರಕ್ತ ಮತ್ತೆ ಹರಿಯಿತು. ಹಾಲೊಟಿಯ ತುಟಿ ಬಿಳಿಚಿಕೊಂಡಿತು.

“ಯಾಕೆ ಸುಮ್ನೆ ಕೂತಿದ್ದೀಯ?” ಬಾಗಿಲಿನಿಂದ ಅತ್ತೆ ಗದರಿದಳು.

“ಬೆರಳಿಟ್ಟು ನೋಡಬೇಕು ಅತ್ತೆ. ಅಮ್ಮಂಗೆ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತೆ, ಆದ್ರೆ...” ಆಕೋಸಿತಾ ಕೈಯಲ್ಲಿದ್ದ ಹತ್ತಿಬಟ್ಟೆಯನ್ನು ನೋಡಿದಳು. “ಅಪ್ಪನ ತಲೆ ಅತ್ತೆ. ನಾನು ಹೇಗೆ ಮುಟ್ಟಲಿ...”

ಲಂಗಿಲಂಗಿ ಒಂದು ಗಳಿಗೆ ಹೊಸ್ತಿಲನ್ನೇ ನೋಡಿದಳು. ಹೊರಗೆ ನೆರೆದ ಜನರೆಲ್ಲ ನೋಡುತ್ತಿದ್ದರು. ಆಮೇಲೆ ಲಂಗ ಎತ್ತಿ ಹಿಡಿದು, ತಮ್ಮನಿದ್ದ ಕೋಣೆಯೊಳಗೆ ಸರಸರನೆ ನಡೆದಳು. “ಪಿಸಿಲಾ, ಸ್ವಲ್ಪ ಸರಿ” ಎಂದು ಚಾಪೆಯ ಮೇಲೆ ಕುಳಿತು, ತಮ್ಮನ ತಲೆಯನ್ನು ಮೆಲ್ಲಗೆ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

“ಅಕ್ಕ...” ಹಾಲೊಟಿ ಏಳಲು ಹೋದ.

“ಮಲಗೋ ಸುಮ್ನೆ.” ಅವಳು ಅವನ ಮುಖ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತಲೇ ತಮ್ಮನ ಮಗಳಿಗೆ ಹೇಳಿದಳು. “ಕೇಳಿಲ್ಲಿ ಹುಡುಗಿ. ನನ್ನ ಮಡಿಲಲ್ಲಿ ಇರೋದು ನನ್ನದು. ಇದೀಗ ನಿಮ್ಮಪ್ಪನ ತಲೆ ಅಲ್ಲ, ನಾನು ಸಾಕಿದ ಕೂಸಿನ ತಲೆ. ನಾನು ಕೊಡ್ತಿದ್ದೀನಿ, ಮುಟ್ಟು. ಕೇಡು ಬರೋದಿದ್ರೆ ನನ್ನ ಹುಡುಕ್ಕೊಂಡು ಬರಲಿ. ನಂಗೆ ಮಕ್ಕಳಿಲ್ಲ ಮರಿಯಿಲ್ಲ, ನನ್ನ ಹತ್ರ ಕಿತ್ಕೊಳ್ಳೋಕೆ ಅದಕ್ಕೆ ಏನು ಸಿಗುತ್ತೆ?”

ಆಕೋಸಿತಾ ಕಣ್ಣೊರೆಸಿಕೊಂಡಳು. ಕೂದಲು ಕತ್ತರಿಸಿದಳು. ಗಾಯದ ಸುತ್ತ ಬೆರಳಾಡಿಸಿದಳು. ಮೂಳೆ ಗಟ್ಟಿಯಾಗಿತ್ತು, ಎಲ್ಲ ಕಡೆಯೂ ಗಟ್ಟಿಯಾಗಿತ್ತು. ರಕ್ತ ಚಿಮ್ಮುವ ಜಾಗ ಸಿಕ್ಕಿತು. ಎರಡು ಬೆರಳಿಟ್ಟು ಒತ್ತಿದಳು. ರಕ್ತ ನಿಂತಿತು.

ವಿಕಾ ಬರುವವರೆಗೂ ಅವಳು ಬೆರಳು ತೆಗೆಯಲಿಲ್ಲ. ಮೂವರು ಹೆಂಗಸರು ಒಂದು ತಲೆಯ ಸುತ್ತ ಕುಳಿತಿದ್ದರು. ಮಡಿಲಲ್ಲಿ ಆ ಕೈಯ ಒತ್ತಡ ತಿಳಿಯುತ್ತಿದ್ದ ಅತ್ತೆ ಗೋಡೆ ನೋಡುತ್ತಲೇ ಹೇಳಿದಳು.

“ಕೈ ನಡುಗ್ತಿಲ್ವಲ್ಲ ಇವಳದು. ಈ ಧೈರ್ಯ ಯಾರದ್ದು ಪಿಸಿಲಾ? ನಮ್ಮ ಕಡೆ ರಕ್ತ ಕಂಡ್ರೆ ಎಲ್ರೂ ಬೀಳೋರೇ.”

ಇಷ್ಟು ವರ್ಷ ಬೈಸಿಕೊಂಡು ಒಂದು ಹನಿ ಕಣ್ಣೀರು ಹಾಕದ ಪಿಸಿಲಾ, ಆ ಒಂದು ಮಾತಿಗೆ ಬಿಕ್ಕಿ ಬಿಕ್ಕಿ ಅತ್ತಳು. “ಅತ್ತಿಗೆ...” ಎಂದಷ್ಟೇ ಅಂದಳು.

ವಿಕಾ ಬಂದು ಹೊಲಿಗೆ ಹಾಕಿದಳು. ಕೈ ತೊಳೆಯುತ್ತ, “ಮುಂದಿನ ವರ್ಷ ಈ ಕೇಂದ್ರದ ಬೀಗದ ಕೈ ನಿಂಗೇ” ಎಂದಳು ಆಕೋಸಿತಾಳಿಗೆ. ಮನೆಯಲ್ಲಿ ದಿನವೂ ಗಾಯ ತೊಳೆದು ಪಟ್ಟಿ ಬದಲಿಸುವ ಕೆಲಸವನ್ನೂ ಅವಳಿಗೇ ಒಪ್ಪಿಸಿದಳು.

“ದಿನಾನಾ?” ಲಂಗಿಲಂಗಿ ಕೇಳಿದಳು. “ನಾನು ಮಡಿಲು ಕೊಡದೆ ಇವಳು ಹೇಗೆ ಮುಟ್ತಾಳೆ? ಸರಿ, ದಿನಾ ಬರ್ತೀನಿ. ನನ್ನ ಹಣೆಬರಹ.”

ದಿನವೂ ಬಂದಳು. ಗೊಣಗುತ್ತ ಬಂದು, ತಮ್ಮನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆ ನೋಡುತ್ತ ಕೂರುತ್ತಿದ್ದಳು. ಪಿಸಿಲಾಳ ಅಡುಗೆಗೆ ಉಪ್ಪು ಕಡಿಮೆ ಎನ್ನುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದಳು. ಹೊಲಿಗೆ ಬಿಚ್ಚಿದ್ದಾಯಿತು, ಗಾಯವೂ ಒಣಗಿತು. ಆಕೋಸಿತಾ ಒಂದು ಬೆಳಗ್ಗೆ ಹೇಳಿದಳು, “ಅಪ್ಪ, ಇವತ್ತಿನಿಂದ ಪಟ್ಟಿ ಬೇಡ.”

ಹಾಲೊಟಿ ಹೊರಗೆ ನೋಡಿದ. ಬೇಲಿಯಾಚೆ ಅಕ್ಕ ಬರುತ್ತಿದ್ದಳು. “ಇನ್ನೂ ನೋಯುತ್ತೆ” ಎಂದ.

“ಎಲ್ಲಿ?”

“ಎಲ್ಲೋ ಒಂದು ಕಡೆ.” ತೋರಿಸಲು ಜಾಗ ಸಿಗದೆ ಚಾಪೆಯ ಮೇಲೆ ಮಲಗಿಯೇಬಿಟ್ಟ.

ಲಂಗಿಲಂಗಿ ಒಳಗೆ ಬಂದು ಕುಳಿತಳು. “ಅತ್ತೆ, ಗಾಯ...” ಎಂದು ಆಕೋಸಿತಾ ಶುರುಮಾಡಿದಳು. ಅತ್ತೆ ಅಂದು ಮೊದಲ ಬಾರಿಗೆ ಗೋಡೆಯಿಂದ ಕಣ್ಣು ಕಿತ್ತು, ತಮ್ಮನ ಕೂದಲು ಬಿಡಿಸಿ ನೋಡಿದಳು. ಒಣಗಿದ ಗೆರೆಯೊಂದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ನೋಡಿದಳು.

“ಎಲ್ಲಿ ಮಾಯ್ದಿದೆ? ಹಸಿಯಾಗೇ ಇದೆ” ಎಂದಳು. “ಪಟ್ಟಿ ಸುತ್ತು ಹುಡುಗಿ.”

ಆಕೋಸಿತಾ ಹೊಸ ಪಟ್ಟಿ ಬಿಚ್ಚಿದಳು.